ಗಾಡಿ ಬಂತು, ಗಾಳಿ ಇರಲಿಲ್ಲ

ಗಾಡಿ ಬರಲಿಲ್ಲ ಎಂದು ಬರೆಯುವುದಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಗಾಡಿ ಬಾರದೆ ಸತ್ತವರ ಕತೆ ನಮ್ಮ ಕೇರಿಗಳಲ್ಲಿ ಮನೆಗೊಂದು ಇದೆ. 2023ರ ಶ್ರಾವಣದಲ್ಲಿ ಮೆಟ್ರಿಯಲ್ಲಿ ನಮ್ಮ ಚಿಕ್ಕಪ್ಪನಿಗೆ ಹಾವು ಕಡಿದಾಗ ಗಾಡಿ ಬಂತು. ಬೇಗನೇ ಬಂತು. ಮೇಲೆ ಕೆಂಪು ದೀಪ ತಿರುಗುತ್ತಿತ್ತು, ಊರ ನಾಯಿಗಳೆಲ್ಲ ಎದ್ದು ಬೊಗಳಿದವು. ಗಾಡಿಯೊಳಗೆ ಸಿಲಿಂಡರ್ ಇತ್ತು. ಸಿಲಿಂಡರಿನೊಳಗೆ ಗಾಳಿ ಇರಲಿಲ್ಲ.

ಅದು ಯಾರ ಗಾಡಿ, ಯಾವ ಆಸ್ಪತ್ರೆ ಎಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಏನಾಗುತ್ತದೆ ಗೊತ್ತು. ಒಬ್ಬ ಡ್ರೈವರ್ ಸಸ್ಪೆಂಡ್ ಆಗುತ್ತಾನೆ, ಫೈಲು ಮುಚ್ಚುತ್ತದೆ, ಮೇಲಿನವರು ನಿದ್ದೆ ಹೋಗುತ್ತಾರೆ. ನನಗೆ ಬೇಕಾದದ್ದು ಆ ಡ್ರೈವರನ ತಲೆಯಲ್ಲ.

ನಡೆದದ್ದು ಇಷ್ಟು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ. ಹಗಲೆಲ್ಲ ಕೂಲಿ ಮಾಡಿದವನು ರಾತ್ರಿ ಇನ್ನೊಬ್ಬರ ಗದ್ದೆಗೆ ನೀರು ಕಟ್ಟಲು ಹೋಗಬೇಕು, ಬರಿಗಾಲಲ್ಲಿ. ಚಿಕ್ಕಪ್ಪ ಮನೆಗೆ ಬಂದು "ಕಾಲಿಗೆ ಏನೋ ಚುಚ್ಚೇತಿ" ಅಂದ. ಸ್ವಲ್ಪ ಹೊತ್ತಿಗೆ ಕಣ್ಣಿನ ರೆಪ್ಪೆ ಇಳಿದವು. ಎತ್ತಿ ಹಿಡಿದರೂ ನಿಲ್ಲವು. ಆಮೇಲೆ ಮಾತು ತೊದಲಿತು, ಬಾಯಿಂದ ಜೊಲ್ಲು ಸುರಿಯಿತು. ನಾನು ಮಾಸ್ತರ. ಮಕ್ಕಳಿಗೆ ವಿಷಕಾರಿ ಹಾವುಗಳ ಪಾಠ ಹೇಳಿದವನು. ಆದರೂ ನನ್ನ ಕಣ್ಣೆದುರಿಗೆ ಕಾಣುತ್ತಿರುವುದೇನು ಎಂದು ನನಗೆ ತಿಳಿಯಲಿಲ್ಲ.

ಗಾಡಿ ಗುಡಿಯ ಮುಂದೆ ನಿಂತಿತು. ಸಿಮೆಂಟ್ ರಸ್ತೆ ಅಲ್ಲಿಗೇ ಮುಗಿಯುತ್ತದೆ. ಅಲ್ಲಿಂದ ಆಚೆ ನಮ್ಮ ಕೇರಿ, ಕೆಸರು, ಚರಂಡಿ. "ಅಲ್ಲಿಗಂಟ ಎತ್ಕಂಡ್ ಬರ್ರಿ, ಗಾಡಿ ಸಿಕ್ಕಂತೈತಿ" ಅಂದ ಡ್ರೈವರ. ಸುಳ್ಳೇನಲ್ಲ, ಸಿಗುತ್ತಿತ್ತು. ಕಂಬಳಿಯಲ್ಲಿ ನಾಲ್ಕು ಜನ ಹೊತ್ತುಕೊಂಡು ಹೋದೆವು. ಜೊತೆಗೆ ಬರಬೇಕಾದ ಸಹಾಯಕ ಅವತ್ತು ರಜೆ. ಒಳಗಿದ್ದ ಪೆಟ್ಟಿಗೆಗೆ ಬೀಗ, ಬೀಗದ ಕೈ ಆ ಸಹಾಯಕನ ಹತ್ತಿರ. ಸಿಲಿಂಡರ್ ತಿರುಗಿಸಿದರೆ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ.

ಮೊದಲ ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಯಾವ ಹಾವು? ನೋಡೀರೇನು? ಹೊಡದು ತಂದೀರೇನು?" ನೋಡಿಲ್ಲ ಅಂದೆವು. ನೋಡದಿದ್ದರೆ ಹೆಂಗ ಔಷಧ ಕೊಡೋದು ಎಂದು ಒಂದು ಚೀಟಿ ಬರೆದು ಮುಂದೆ ಕಳಿಸಿದರು. ಚೀಟಿಯಲ್ಲಿ ಎರಡು ಮಾತು. ಹಾವು ಕಡಿತ, ಮುಂದಿನ ಚಿಕಿತ್ಸೆಗೆ. ಎಷ್ಟು ಹೊತ್ತಿಗೆ ಬಂದ, ಉಸಿರು ಹೇಗಿತ್ತು, ಏನು ಕೊಟ್ಟರು, ಮುಂದಿನ ಆಸ್ಪತ್ರೆಗೆ ಯಾರು ಫೋನು ಮಾಡಿದರು, ಒಂದೂ ಇಲ್ಲ. ದಾರಿಯಲ್ಲಿ ಚಿಕ್ಕಪ್ಪನ ಎದೆ ಏರುವುದು ಕಡಿಮೆಯಾಯಿತು. ನಾನು ಕೈ ಹಿಡಿದುಕೊಂಡು ಕೂತಿದ್ದೆ. ದೊಡ್ಡಾಸ್ಪತ್ರೆಯ ಗೇಟಿನಲ್ಲಿ ನೋಡಿ "ಲೇಟಾತು" ಅಂದರು.

ಈಗ, ಅಂದು ನನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಓದುಗರಲ್ಲಿ ಮಾಸ್ತರರಿದ್ದೀರಿ, ಹಾಸ್ಟೆಲ್ ಹುಡುಗರಿದ್ದೀರಿ. ತಿಳಿದುಕೊಳ್ಳಿ.

ನಮ್ಮ ದೇಶದಲ್ಲಿ ಆಸ್ಪತ್ರೆಗಳಲ್ಲಿರುವ ಹಾವಿನ ಔಷಧ ಒಂದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಸೇರಿಸಿ ಮಾಡಿದ್ದು. ಆದ್ದರಿಂದ ಯಾವ ಹಾವು ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕಾಯಬೇಕಾಗಿಲ್ಲ. ರೆಪ್ಪೆ ಇಳಿದಿದೆಯೋ, ಉಸಿರು ಸೋತಿದೆಯೋ, ರಕ್ತ ಹೆಪ್ಪುಗಟ್ಟುತ್ತಿಲ್ಲವೋ, ಅದನ್ನು ನೋಡಿ ಕೊಡಬೇಕು. ರಕ್ತದ ಪರೀಕ್ಷೆಗೆ ಬೇಕಾದದ್ದು ಒಂದು ಸ್ವಚ್ಛವಾದ ಗಾಜಿನ ನಳಿಕೆ, 20 ನಿಮಿಷ. ಅದಕ್ಕೆ ಬೆಂಗಳೂರು ಬೇಡ. ಇನ್ನು ನರಕ್ಕೆ ಹೊಡೆಯುವ ವಿಷದಲ್ಲಿ ಮನುಷ್ಯ ಸಾಯುವುದು ಉಸಿರಾಟದ ಸ್ನಾಯು ಸೋತು. ಆಗ ಯಾರಾದರೂ ಅವನ ಬದಲು ಉಸಿರಾಡಿಸಬೇಕು. ಅದಕ್ಕೆಂದೇ ಅಂಬು ಬ್ಯಾಗ್ ಎಂಬ ಒಂದು ಚೀಲ ಇದೆ. ಮುಖಕ್ಕೆ ಮುಸುಕು ಇಟ್ಟು ಕೈಯಿಂದ ಅದುಮುವುದು. ಅದಕ್ಕೆ ಕರೆಂಟು ಬೇಡ. ಸಿಲಿಂಡರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಹೊರಗಿನ ಗಾಳಿಯಿಂದಲೇ ನಡೆಯುತ್ತದೆ. ಕಲಿತ ಕೈ ಅದನ್ನು ಅದುಮುತ್ತ ಹೋದರೆ ತಾಸುಗಟ್ಟಲೆ ಮನುಷ್ಯನನ್ನು ಉಳಿಸಿಕೊಳ್ಳಬಹುದು.

ಆ ಚೀಲ ಬೀಗ ಹಾಕಿದ ಪೆಟ್ಟಿಗೆಯಲ್ಲಿತ್ತು. ನನ್ನ ತಲೆಯ ಮೇಲೆ, ಒಂದು ಮೊಳ ದೂರದಲ್ಲಿ. ಪೆಟ್ಟಿಗೆಯ ಗಾಜಿನೊಳಗೆ ಅದನ್ನು ನಾನು ದಾರಿಯುದ್ದಕ್ಕೂ ನೋಡಿದ್ದೇನೆ. ಏನೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಗಾಜು ಒಡೆಯುತ್ತಿದ್ದೆ.

ಇದಕ್ಕೆ ಸರಕಾರಿ ಕನ್ನಡದಲ್ಲಿ 'ಅಚಾತುರ್ಯ' ಎನ್ನುತ್ತಾರೆ. ಎಂಥಾ ಮೆತ್ತನೆಯ ಮಾತು ನೋಡಿ! 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ವಿಮ್ಸ್‌ನಲ್ಲಿ ಕರೆಂಟು ಹೋಗಿ ವೆಂಟಿಲೇಟರ್ ಮೇಲಿದ್ದವರು ಸತ್ತರೆಂದು ಮನೆಯವರು ಗೋಳಾಡಿದರು, ಸಮಿತಿ ಬಂತು. ಅದೇ ತಿಂಗಳ ಕೊನೆಯಲ್ಲಿ ರಾಜ್ಯದ 108ರ ಕರೆ ಕೇಂದ್ರದ ಯಂತ್ರ ಕೆಟ್ಟು ಜನ ಫೋನು ಹಿಡಿದು ಪರದಾಡಿದರು. ಹಳೆಯ ಯಂತ್ರ ಅಂದರು. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸತ್ತರು. ಅನುಮಾನ ಬಿದ್ದದ್ದು ಅವರ ಮೈಗೆ ಹರಿಸಿದ ದ್ರಾವಣದ ಮೇಲೆ; ಒಮ್ಮೆ ತಡೆಹಿಡಿದು ಮತ್ತೆ ಬಿಟ್ಟ ದ್ರಾವಣ. ಎಲ್ಲವೂ ಅಚಾತುರ್ಯ. ಆದರೆ ಈ ಅಚಾತುರ್ಯಕ್ಕೆ ಕಣ್ಣಿದೆಯೆಂದು ನನಗೆ ಅನುಮಾನ. ಯಾವ ಶಾಸಕನ ಮನೆಯ ಬಾಣಂತಿ ಆ ಸಾಲಿನಲ್ಲಿ ಮಲಗಿದ್ದಳು? ಯಾವ ಗಣಿ ಧಣಿಯ ಮಗನಿಗೆ ಖಾಲಿ ಸಿಲಿಂಡರ್ ಸಿಕ್ಕಿದೆ?

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಾಲಾಮಾಸ್ತರನ ಕಾಗದವನ್ನು ಸೇರಿಸಿದ್ದಾರೆ. 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದದ್ದು. ಹೆಂಡತಿ ಬಾಣಂತಿ, ಎದೆ ಉರಿದು ಉಸಿರು ಕಷ್ಟವಾಗಿದೆ. ಡಾಕ್ಟರು ಕೇರಿಗೆ ಬರುವುದಿಲ್ಲ ಎನ್ನುತ್ತಾನೆ. ಊರ ಸಾಹುಕಾರ ಎರಡು ರೂಪಾಯಿ ಫೀಜಿಗೆ ಜಾಮೀನು ನಿಂತ ಮೇಲೆ, ರೋಗಿಯನ್ನು ಕೇರಿಯ ಹೊರಗೆ ತಂದರೆ ನೋಡುತ್ತೇನೆ ಎನ್ನುತ್ತಾನೆ. ಎರಡು ದಿನದ ಬಾಣಂತಿಯನ್ನು ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನಿಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸು. ದೀಪದ ಬೆಳಕಿನಲ್ಲಿ ಅದನ್ನು ನೋಡಿ ನ್ಯುಮೋನಿಯಾ ಅಂದು ಹೊರಟುಹೋದ. ಆಕೆ ಸತ್ತಳು.

ನಮ್ಮ ಡ್ರೈವರ ನಮ್ಮ ಜಾತಿ ಕೇಳಲಿಲ್ಲ. ಮುಟ್ಟಿದ, ಎತ್ತಿದ, ಮೈಮೇಲೆ ಜೊಲ್ಲು ಬಿದ್ದರೂ ಬೇಸರ ಮಾಡಲಿಲ್ಲ. ಅದನ್ನು ಹೇಳದಿದ್ದರೆ ನನ್ನ ನಾಲಿಗೆ ಸುಟ್ಟೀತು. ಆದರೆ ರೋಗಿಯನ್ನು ಕೇರಿಯ ಹೊರಗೆ ತರಬೇಕಾದದ್ದು ಮಾತ್ರ ತಪ್ಪಲಿಲ್ಲ. ಆಗ ಡಾಕ್ಟರನ ಮನಸ್ಸು ತಡೆಯುತ್ತಿತ್ತು, ಈಗ ಪಂಚಾಯ್ತಿಯ ಸಿಮೆಂಟ್ ತಡೆಯುತ್ತದೆ. ಆ ಸಿಮೆಂಟ್ ಎಲ್ಲಿಗೆ ನಿಲ್ಲಬೇಕೆಂದು ತೀರ್ಮಾನಿಸಿದವರು ಯಾರು?

ಇನ್ನು ಆ ಡ್ರೈವರನ ಮಾತು. ಆಸ್ಪತ್ರೆ ಗೇಟಿನಲ್ಲಿ ನಮ್ಮ ಹುಡುಗರು ಅವನ ಕಾಲರ್ ಹಿಡಿದರು. ನಾನೂ ಕೈ ಎತ್ತಿದೆ, ಮುಚ್ಚಿಡುವುದಿಲ್ಲ. ಅವನು ಅಳುತ್ತ ಹೇಳಿದ್ದು: "ಹೊಡೀರಿ ಸಾರ್. ಎರಡು ತಿಂಗಳಾತು ಪಗಾರ ಇಲ್ಲ. ಸಿಲಿಂಡರ್ ತುಂಬಿಸ್ರಿ ಅಂತ ಹೇಳಿದ್ರ ಬಿಲ್ ಪಾಸ್ ಆಗಿಲ್ಲ ಅಂತಾರ." ಕೂಲಿಯವನ ಮಗನೇ. ನಮ್ಮಂಥದೇ ಇನ್ನೊಂದು ಊರಿನವನು. ರಾಜ್ಯದ 108ರ ನೌಕರರು ಬಾಕಿ ಸಂಬಳಕ್ಕಾಗಿ ಮುಷ್ಕರದ ಮಾತೆತ್ತಿದ್ದು ಈಚಿನ ವರ್ಷಗಳಲ್ಲಿ ಒಂದು ಸಲವಲ್ಲ. 2008ರ ನವೆಂಬರಿನಲ್ಲಿ ಆರೋಗ್ಯ ಕವಚವೆಂದು ಶುರುವಾದ ಈ ಸೇವೆಯನ್ನು ಸರಕಾರ ತಾನು ನಡೆಸದೆ ಹೈದರಾಬಾದಿನ ಸಂಸ್ಥೆಗೆ ಒಪ್ಪಿಸಿತು. ಆ ಸಂಸ್ಥೆಯನ್ನು ಹುಟ್ಟುಹಾಕಿದವರು ಸತ್ಯಂ ಕಂಪನಿಯ ರಾಮಲಿಂಗರಾಜು, 2009ರ ಜನವರಿಯಲ್ಲಿ ತಮ್ಮ ಲೆಕ್ಕವೆಲ್ಲ ಸುಳ್ಳೆಂದು ತಾವೇ ಒಪ್ಪಿಕೊಂಡವರು. ಆಮೇಲೆ ಜಿವಿಕೆಯವರ ಕೈಗೆ ಹೋಯಿತು. ಇನ್ನು ಮುಂದೆ ನಾವೇ ನಡೆಸುತ್ತೇವೆ ಎಂದು ಸರಕಾರ ಹೇಳಿದ್ದು 2025ರಲ್ಲಿ. ನಡೆಸಲಿ. ನೋಡೋಣ.

ಆದರೂ ಗೆಳೆಯರೇ, ಸಂಬಳ ಬಂದಿಲ್ಲ ಎನ್ನುವುದು ಖಾಲಿ ಸಿಲಿಂಡರಿಗೆ ಉತ್ತರವಲ್ಲ. ನಮ್ಮವನು ಎಂದು ನಾನು ಮಾಫಿ ಬರೆದುಕೊಡಲಾರೆ. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೂ ಎರಡೂವರೆ ತಾಸು. ಅದರ ಮುಳ್ಳು ನೋಡಲು ಬೀಡಿ ಹಚ್ಚುವಷ್ಟು ಹೊತ್ತು ಸಾಕು. ಖಾಲಿ ಇದ್ದರೆ ಖಾಲಿ ಇದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆಗ ಹೊಣೆ ಮೇಲಕ್ಕೆ ಹೋಗುತ್ತದೆ. ಬರೆಯದಿದ್ದರೆ ಮೇಲಿನವನಿಗೆ ಅದಕ್ಕಿಂತ ಸುಖ ಇನ್ನೇನಿದೆ?

ದುಡ್ಡಿಲ್ಲ ಎನ್ನುತ್ತಾರೆ. ಇದು ಸಂಡೂರಿನ ಮಣ್ಣು ಮಾರಿದ ಸೀಮೆ, ದುಡ್ಡಿಲ್ಲ ಎಂದರೆ ನಂಬಲು ನಮಗೇನು ತಲೆ ಕೆಟ್ಟಿದೆಯೇ? ಲೋಕಾಯುಕ್ತ ವರದಿ 2011ರಲ್ಲಿ ಬಂತು, ಲೂಟಿಯ ಲೆಕ್ಕ ಊರಿಗೆಲ್ಲ ಗೊತ್ತಾಯಿತು. ಗಣಿಯಿಂದ ಹಾಳಾದ ಊರುಗಳ ಹೆಸರಿನಲ್ಲೇ ಸಾವಿರಾರು ಕೋಟಿ ಕೂಡಿಟ್ಟಿದ್ದಾರೆ. ಅದಿರಿನ ಲಾರಿಗೆ ತೂಕ, ಪರ್ಮಿಟ್ಟು, ದಾರಿಯಲ್ಲಿ ಎಲ್ಲಿದೆ ಎಂದು ತೋರಿಸುವ ಯಂತ್ರ, ಎಲ್ಲ ಇದೆ. ಅದೇ ರಸ್ತೆಯಲ್ಲಿ ಹೋಗುವ ರೋಗಿಯ ಗಾಡಿಯಲ್ಲಿ ಗಾಳಿ ಎಷ್ಟಿದೆಯೆಂದು ಅಳೆಯುವವರಿಲ್ಲ.

ದುಡ್ಡಿಲ್ಲ ಎಂಬ ಮಾತಿಗೆ ಸುಪ್ರೀಂ ಕೋರ್ಟು 1996ರಲ್ಲೇ ಉತ್ತರ ಕೊಟ್ಟಿದೆ. ಅದನ್ನು ಕೊಡಿಸಿದವರು ಪಶ್ಚಿಮ ಬಂಗಾಳದ ಕೃಷಿ ಕೂಲಿಗಳ ಸಂಘ. ಹಕೀಂ ಶೇಖ್ ಎಂಬ ಕೂಲಿಕಾರ 1992ರ ಜುಲೈ 8ರ ರಾತ್ರಿ ರೈಲಿನಿಂದ ಬಿದ್ದು ತಲೆಯೊಡೆದುಕೊಂಡ. ಹಳ್ಳಿಯ ಆರೋಗ್ಯ ಕೇಂದ್ರದಿಂದ ಹಿಡಿದು ಕಲ್ಕತ್ತೆಯ ಸರಕಾರಿ ಆಸ್ಪತ್ರೆಗಳವರೆಗೆ ಒಂದಾದ ಮೇಲೊಂದು ಬಾಗಿಲು ಬಡಿದರು. ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ, ಮುಂದೆ ಹೋಗಿ. ಕೊನೆಗೆ ಖಾಸಗಿಯಲ್ಲಿ ದುಡ್ಡು ಸುರಿದು ಉಳಿದ. ಜೀವದ ಹಕ್ಕೆಂದರೆ ತುರ್ತು ಚಿಕಿತ್ಸೆಯ ಹಕ್ಕೂ ಹೌದು, ದುಡ್ಡಿನ ಕೊರತೆ ನೆಪವಲ್ಲ, ಆಂಬುಲೆನ್ಸಿನಲ್ಲಿ ಬೇಕಾದ ಸಲಕರಣೆಯೂ ಸಿಬ್ಬಂದಿಯೂ ಇರಬೇಕು ಎಂದು ಕೋರ್ಟು ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು. ಕೂಲಿಗಳು ತಂದ ತೀರ್ಪು ಇದು. ನಮ್ಮ ಸೀಮೆಯ ಎಷ್ಟು ಸಂಘಟನೆಗಳ ಕಪಾಟಿನಲ್ಲಿ ಇದರ ಪ್ರತಿ ಇದೆ? ನಾವೂ ಭಾಷಣ ಜಾಸ್ತಿ ಮಾಡಿದೆವೇನೋ.

2000ದಿಂದ 2019ರವರೆಗೆ ಈ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷವೆಂದು ಅಂದಾಜು. ಬಹುಪಾಲು ಹಳ್ಳಿಯವರು, ಹೊಲಗದ್ದೆಯಲ್ಲಿ ಬಗ್ಗಿದವರು. ಕರ್ನಾಟಕ ಸರಕಾರ 2024ರ ಫೆಬ್ರುವರಿಯಲ್ಲಿ ಪ್ರತಿ ಹಾವು ಕಡಿತವನ್ನೂ ವರದಿ ಮಾಡಲೇಬೇಕೆಂದು ಆದೇಶಿಸಿತು. ಚಿಕ್ಕಪ್ಪ ಸತ್ತು ಆರು ತಿಂಗಳ ಮೇಲೆ. ಒಳ್ಳೆಯದೇ, ಈಗ ಸತ್ತವರ ಲೆಕ್ಕವಾದರೂ ಸಿಗುತ್ತದೆ. ಆ ಔಷಧ ಮಾಡಲು ಬೇಕಾದ ವಿಷದ ಬಹುಪಾಲನ್ನು ತೆಗೆದುಕೊಡುವವರು ಚೆನ್ನೈ ಹತ್ತಿರದ ಇರುಳ ಆದಿವಾಸಿಗಳು, 1978ರಿಂದ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡು. ನಮ್ಮಂಥವರ ಕೈ ಹಾವಿನ ಬಾಯಿಂದ ತೆಗೆದದ್ದು, ನಮ್ಮಂಥವರ ಮೈಗೆ ತಲುಪುವಾಗ ಫ್ರಿಜ್ಜಿನ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಡ್ಡಪರಿಣಾಮವಾದೀತು ಎಂದು ಹೆದರಿ ಸಣ್ಣ ಆಸ್ಪತ್ರೆಯವರು ಕೊಡುವುದಿಲ್ಲ. ಹೆದರಿಕೆ ಸುಳ್ಳಲ್ಲ, ಮೈಗೆ ಒಗ್ಗದಿದ್ದರೆ ತಕ್ಷಣ ಬೇರೆ ಚುಚ್ಚುಮದ್ದು ಬೇಕು, ಅದೂ ಅಲ್ಲೇ ಇರಬೇಕು. ಆದರೆ ಡಾಕ್ಟರನ ಹೆದರಿಕೆಯನ್ನು ರೋಗಿಯ ಜೊತೆ ಗಾಡಿ ಹತ್ತಿಸಿ ಮುಂದಿನ ಊರಿಗೆ ಕಳಿಸುವುದಕ್ಕೆ ರೆಫರ್ ಎಂದು ಹೆಸರು.

ಮುಂದಿನ ಊರು ಯಾವುದು ಎನ್ನುವುದೂ ಒಂದು ಜಗಳ. ಮೆಟ್ರಿ ಕಂಪ್ಲಿ ತಾಲೂಕು, ಬಳ್ಳಾರಿ ಜಿಲ್ಲೆ. 2021ರಲ್ಲಿ ಜಿಲ್ಲೆ ಒಡೆದು ಹೊಸಪೇಟೆ ವಿಜಯನಗರ ಜಿಲ್ಲೆಯಾಯಿತು. ವಿಷಕ್ಕೆ ಗೆಜೆಟ್ ಓದಲು ಬರುವುದಿಲ್ಲ.

ನಮ್ಮ ಕೇರಿಯ ಹುಡುಗರು ಈಗ ಒಂದು ಕೆಲಸ ಮಾಡುತ್ತಿದ್ದಾರೆ. ಗಾಡಿ ಬಂದರೆ ಮೊದಲು ಮುಳ್ಳು ನೋಡುತ್ತಾರೆ. ಪೆಟ್ಟಿಗೆಯ ಬೀಗದ ಕೈ ಕೇಳುತ್ತಾರೆ. ಚೀಟಿಯಲ್ಲಿ ಟೈಮು ಬರೆಸದೆ ಆಸ್ಪತ್ರೆ ಬಿಡುವುದಿಲ್ಲ. "ಇವರಿಗೆ ಯಾಕೆ ಇದೆಲ್ಲ" ಎಂದು ಗೊಣಗಿದವರಿದ್ದಾರೆ. ಗೊಣಗಲಿ. ಗಾಡಿಗಳ ತಪಾಸಣೆ ಪುಸ್ತಕದ ನಕಲು ಬೇಕೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆವು. ಕಡತ ಹುಡುಕಲಾಗುತ್ತಿದೆ ಎಂದು ಉತ್ತರ ಬಂದಿದೆ. ಮೇಲ್ಮನವಿ ಹಾಕಿದ್ದೇವೆ. ಗುಡಿಯಿಂದ ಕೇರಿಯವರೆಗೆ ರಸ್ತೆ ಮಾಡಿ ಎಂದು ಪಂಚಾಯ್ತಿಗೆ ಕೊಟ್ಟ ಅರ್ಜಿ ಇದು ಮೂರನೆಯದು. ಅದರ ಸ್ವೀಕೃತಿ ಚೀಟಿಯನ್ನು ಚಿಕ್ಕಮ್ಮ ರೇಷನ್ ಕಾರ್ಡಿನ ಜೊತೆ ಮಡಚಿ ಇಟ್ಟುಕೊಂಡಿದ್ದಾಳೆ.