ಪುಕ್ಕಟೆ ಸಿಕ್ಕಿದ್ದಕ್ಕೆ ನಾವು ಕೊಟ್ಟ ಮರ್ಯಾದೆ

ಇಪ್ಪತ್ತೈದು ವರ್ಷಗಳ ಹಿಂದೆ ಬೆಂಗಳೂರಿನ ಜಯನಗರ, ಬನಶಂಕರಿಯ ಹುಡುಗರು ಏನು ಹುಡುಕಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಸೈಬರ್ ಕೆಫೆಗೆ ಹೋಗುತ್ತಿದ್ದರು. ಗಂಟೆಯ ಲೆಕ್ಕದಲ್ಲಿ ದುಡ್ಡು ತೆರಬೇಕಿತ್ತು, ಒಂದೊಂದು ಪುಟ ತೆರೆದುಕೊಳ್ಳಲೂ ಕಾಯಬೇಕಿತ್ತು. ಸಿಕ್ಕಿದ್ದು ಸಾಲದಿದ್ದರೆ ಗ್ರಂಥಾಲಯದ ಮೆಟ್ಟಿಲು ಹತ್ತುತ್ತಿದ್ದರು. ಇಂದು ಅದೇ ಬಡಾವಣೆಗಳಲ್ಲಿ ಕೇಳುವ ಮೊದಲೇ ಉತ್ತರ ಹಾಜರು. ಮಗುವಿನ ಪ್ರಾಜೆಕ್ಟ್‌ಗೆ ಹೆತ್ತವರಾದ ನಾವೇ ಚಾಟ್‌ಜಿಪಿಟಿಯನ್ನು ಕೇಳಿ, ಬಂದದ್ದನ್ನು ಓದುವ ಗೋಜಿಗೂ ಹೋಗದೆ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಕಳಿಸುತ್ತೇವೆ. ಹುಡುಕಿ ಒದ್ದಾಡುವುದು ದಡ್ಡರ ಕೆಲಸ ಎಂಬ ಪಾಠವನ್ನು ಮಗು ಮನೆಯಲ್ಲೇ ಕಲಿಯುತ್ತದೆ.

ಈ ಪುಕ್ಕಟೆ ಮಾಹಿತಿ ಆಕಾಶದಿಂದ ಉದುರಿದ್ದಲ್ಲ. ದಶಕಗಟ್ಟಲೆ ವಿದ್ವಾಂಸರು ದುಡಿದು ಕಟ್ಟಿದ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಡತೊಡಗಿತು. ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದರು. ಕನ್ನಡ ವಿಕಿಪೀಡಿಯ 2003ರಲ್ಲೇ ಶುರುವಾಯಿತು. ಲೇಖನಗಳ ಎಣಿಕೆಯಲ್ಲಿ ಮಲಯಾಳಂ ಇಂದು ಅದರ ಎರಡು ಪಟ್ಟನ್ನೂ ದಾಟಿದೆ. ಸಾಫ್ಟ್‌ವೇರ್ ರಾಜಧಾನಿಯವರೆಂದು ಬೀಗುವ ನಾವೋ, ನವೆಂಬರ್ ಬಂತೆಂದರೆ ಡಿಪಿಗೆ ಹಳದಿ ಕೆಂಪು ಬಾವುಟ ಹಾಕಿ ಭಾಷೆಯ ಋಣ ತೀರಿತೆಂದುಕೊಳ್ಳುತ್ತೇವೆ. ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ನಿಮ್ಮ ವಾರ್ಡಿನ ಗ್ರಂಥಾಲಯ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಮುಖ ಮುಖ ನೋಡುತ್ತೇವೆ.

ಹುಡುಕದೆ, ಪರಿಶೀಲಿಸದೆ ನಂಬುವ ಈ ಸೋಮಾರಿತನದ ಬೆಲೆ ತೆತ್ತವರು ಬೇರೆಯವರು. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಇದೇ ನಗರ ಬಿಟ್ಟು ಗುವಾಹಟಿಯ ರೈಲು ಹತ್ತಿದರು. 2018ರ ಮೇ ತಿಂಗಳಲ್ಲಿ, ಜಯನಗರಕ್ಕೆ ಅಷ್ಟೇನೂ ದೂರವಲ್ಲದ ಚಾಮರಾಜಪೇಟೆಯಲ್ಲಿ, ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಆಗ ವಾಟ್ಸಾಪ್ ತುಂಬ ಹರಿದಾಡುತ್ತಿತ್ತು. ಅಂಥ ಸುಳ್ಳಿಗೆ ಕಾಲು ಕೊಡುವವರು ಓದುಬರಹ ಬಾರದವರಲ್ಲ. ಪದವಿ ಪಡೆದ ನಾವೇ, ಸುಳ್ಳಿರಬಹುದೆಂಬ ಅನುಮಾನ ಇದ್ದೂ, ‘ಯಾವುದಕ್ಕೂ ಇರಲಿ’ ಎಂದು ಫ್ಯಾಮಿಲಿ ಗ್ರೂಪಿಗೆ ತಳ್ಳುತ್ತೇವೆ. ಸರಿಯೇ ತಪ್ಪೇ ಎಂದು ನೋಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷವೇ ನಮಗೆ ಭಾರ.

ಗೊತ್ತಿಲ್ಲದೆ ತಪ್ಪಿದವರಿಗೆ ಕ್ಷಮೆಯಿದೆ. ಗೊತ್ತಿದ್ದೂ ಮೈಗಳ್ಳರಾದ ನಮಗೆ ಆ ಆಸರೆಯೂ ಇಲ್ಲ. ನಾಳೆ ನಮ್ಮ ಮಕ್ಕಳು ಯಾರೋ ಹೇಳಿದ್ದನ್ನು ನಂಬಿ ಇನ್ಯಾರದೋ ಮೇಲೆ ಕೈಯೆತ್ತಿದರೆ, ಕಾಲ ಕೆಟ್ಟಿತೆಂದು ನಿಟ್ಟುಸಿರು ಬಿಡುವ ಹಕ್ಕು ನಮಗಿರುವುದಿಲ್ಲ. ಕೆಡಿಸಿದವರು ನಾವೇ.