ಸರ್ವಿಸ್ ಪುಸ್ತಕದ ಮೊಹರೂ ಕಾರಿನ ತುಕ್ಕೂ

ಸ್ಪೋರ್ಟ್ಸ್ ಕಾರಿಗೂ ಕಾಫಿ–ಅಡಿಕೆ ಬೆಳೆಗಾರರ ಈ ಪತ್ರಿಕೆಗೂ ಏನು ಸಂಬಂಧವೆಂದು ಕೆಲವು ಸದಸ್ಯರು ಹುಬ್ಬೇರಿಸಬಹುದು. ಮದ್ದು ಹೊಡೆದ ಸಂಜೆ ಪಂಪಿನ ವಾಲ್ವು ಬಿಚ್ಚಿ, ತೊಳೆದು, ಮತ್ತೆ ತಾವೇ ಜೋಡಿಸುವ ಅಭ್ಯಾಸವಿರುವವರಿಗೆ ಈ ವಿಚಾರ ತೀರ ಹೊರಗಿನದಲ್ಲವೆಂದು ನನ್ನ ನಂಬಿಕೆ.

ನಾನು ಹೇಳುತ್ತಿರುವುದು ಜಪಾನಿನ ಮಾಜ್ದಾ ಎಂಎಕ್ಸ್-5 ಕಾರಿನ ಬಗ್ಗೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಹೊರಬಂದ ಈ ಕಾರಿನಲ್ಲಿ ಕೂರುವುದು ಇಬ್ಬರೇ. ಮೇಲ್ಹೊದಿಕೆ ಮಡಚಿ ಹಿಂದಕ್ಕೆ ಇಡಬಹುದು. ಮೊದಲ ಮಾದರಿಯ ತೂಕ ಸಾವಿರ ಕಿಲೋಗಿಂತ ಕಡಮೆ, ಇಂಜಿನ್ 1.6 ಲೀಟರಿನದು. 2016ರ ಏಪ್ರಿಲ್ ಹೊತ್ತಿಗೆ ಎಲ್ಲ ಮಾದರಿಗಳೂ ಸೇರಿ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಕೋಟ್ಯಧೀಶರ ಆಟಿಕೆ ಇದಲ್ಲ. ಇಂಗ್ಲೆಂಡಿನಲ್ಲಿ ಸಂಬಳದ ಜನ ಹಳೆಯದೊಂದನ್ನು ಕೊಂಡು, ರಜಾದಿನಕ್ಕೆಂದು ಶೆಡ್ಡಿನಲ್ಲಿ ಇಟ್ಟುಕೊಂಡಿರುತ್ತಾರೆ.

ವರ್ಷಕ್ಕೊಮ್ಮೆಯ ಸರ್ವಿಸ್ ಯಾರು ಮಾಡಬೇಕೆಂಬ ವಿಷಯದಲ್ಲಿ ಅಲ್ಲಿ ಎರಡು ಮತ. ವರ್ಕ್‌ಶಾಪಿಗೆ ಕೊಟ್ಟು ಪುಸ್ತಕದಲ್ಲಿ ಮೊಹರು ಒತ್ತಿಸಿಕೊಂಡರೆ ಮಾರುವಾಗ ಬೆಲೆ ಬರುತ್ತದೆಂದು ಒಂದು ಪಕ್ಷ. ತಾನೇ ಮಾಡಬೇಕೆಂದು ಇನ್ನೊಂದು. ನಾನು ಎರಡನೆಯ ಪಕ್ಷದವನು. ಖರ್ಚು ಉಳಿಯುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣ ಇದಕ್ಕಿದೆ.

ಈ ಕಾರನ್ನು ಕೊಲ್ಲುವುದು ಇಂಜಿನ್ ಅಲ್ಲ, ಇಂಜಿನ್ ಗಟ್ಟಿಮುಟ್ಟು. ಕೊಲ್ಲುವುದು ತುಕ್ಕು. ಮೇಲ್ಹೊದಿಕೆಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ಒಂದು ದೋಣಿಗೆ ಇಳಿದು, ಎಡಬಲದ ಎರಡು ಕೊಳವೆಗಳ ಮೂಲಕ ಹಿಂಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆಚೂರು, ಧೂಳು ಸೇರಿ ಆ ಕೊಳವೆ ಕಟ್ಟಿಕೊಳ್ಳುತ್ತದೆ. ಬಸಿಗಾಲುವೆ ಕಟ್ಟಿದ ತೋಟದಲ್ಲಿ ಅಡಿಕೆ ಮರದ ಬುಡಕ್ಕೆ ಏನಾಗುವುದೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಅದೇ ಕಥೆ. ಹೊರದಾರಿ ಸಿಗದ ನೀರು ಕಾರಿನ ಒಳಕ್ಕೆ, ಬಾಗಿಲ ಕೆಳಗೆ ಉದ್ದಕ್ಕೂ ಇರುವ ಪೊಳ್ಳು ತಗಡಿನೊಳಕ್ಕೆ ಇಳಿದು ನಿಲ್ಲುತ್ತದೆ. ಅದಕ್ಕೆ ಸಿಲ್ ಎನ್ನುತ್ತಾರೆ. ಸಿಲ್ಲಿನ ಅಡಿಯಲ್ಲೂ ನೀರು ಹೋಗಲು ಸಣ್ಣ ತೂತುಗಳಿವೆ. ಅವಕ್ಕೆ ಕೆಸರು ಮೆತ್ತಿಕೊಂಡರೆ ಮುಗಿಯಿತು. ಮೇಲಾಗಿ ಚಳಿಗಾಲದಲ್ಲಿ ಅಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಹಪ್ಪಳ.

ಮೂರು ವರ್ಷ ತುಂಬಿದ ಕಾರಿಗೆ ಇಂಗ್ಲೆಂಡಿನಲ್ಲಿ ಪ್ರತಿವರ್ಷ ಎಂಓಟಿ ಎಂಬ ಸರಕಾರಿ ತಪಾಸಣೆ ಕಡ್ಡಾಯ. ಸೀಟ್ ಬೆಲ್ಟ್ ಅಥವಾ ಸಸ್ಪೆನ್ಷನ್ ಹಿಡಿದಿರುವ ಜಾಗದಿಂದ 30 ಸೆಂ.ಮೀ. ಒಳಗೆ ತಗಡಿನ ಬಲ ಕುಂದಿಸುವಷ್ಟು ತುಕ್ಕಿದ್ದರೆ ಕಾರು ನಪಾಸು. ಸಿಲ್ಲಿನ ಹಿಂತುದಿ ಈ ಮಿತಿಯೊಳಗೇ ಬರುತ್ತದೆ. ವರ್ಕ್‌ಶಾಪಿನ ಪಟ್ಟಿಯಲ್ಲಿ ಆಯಿಲ್, ಫಿಲ್ಟರ್, ಪ್ಲಗ್ ಇರುತ್ತವೆ. ಎಲೆಚೂರು ತೆಗೆಯುವ ಬಾಬತ್ತು ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಪುಸ್ತಕದ ತುಂಬ ಮೊಹರಿದ್ದೂ ಸಿಲ್ ಕೊಳೆತ ಕಾರು ಇರುವುದು ಸಾಧ್ಯ. ತನ್ನ ಕಾರನ್ನು ತಾನೇ ಎತ್ತಿ ಅಡಿ ನೋಡುವವನಿಗೆ ಮಾತ್ರ ಇದು ಮೊದಲೇ ತಿಳಿಯುತ್ತದೆ. ದೋಣಿಗೆ ಒಂದು ಲೋಟ ನೀರು ಹೊಯ್ದು ಕೆಳಗೆ ಬೀಳುವುದೇ ಎಂದು ನೋಡಿದರೆ ಸಾಕು. ಬೀಳದಿದ್ದರೆ ಬಾಗುವಂಥ ನಯವಾದ ಕಡ್ಡಿಯಿಂದ ಬಿಡಿಸಬೇಕು. ಗಟ್ಟಿ ತಂತಿ ಹಾಕಿದರೆ ಕೊಳವೆಯೇ ತೂತಾದೀತು.

ಉಳಿದ ಕೆಲಸ ಪವರ್ ಟಿಲ್ಲರ್ ನೋಡಿಕೊಳ್ಳುವವರಿಗೆ ಹೊಸದೇನಲ್ಲ. ಇಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಬೇಕು. ಹೊಸದು ಸುಮಾರು ಮೂರೂವರೆ ಲೀಟರ್ ಹಿಡಿಯುತ್ತದೆ. ಫಿಲ್ಟರನ್ನು ಮಾತ್ರ ಇಂಜಿನ್ನಿನ ಪಕ್ಕದಲ್ಲಿ ಗಾಳಿಕೊಳವೆಗಳ ಅಡಿ ಎಂಥ ಮೂಲೆಯಲ್ಲಿ ಇಟ್ಟಿದ್ದಾರೆಂದರೆ, ಬಿಚ್ಚುವಾಗ ಮೊಣಕೈವರೆಗೆ ಆಯಿಲ್ ಸುರಿಯದೆ ಇರದು. ವಿನ್ಯಾಸಕಾರರು ಅದನ್ನು ಒಮ್ಮೆಯಾದರೂ ತಮ್ಮ ಕೈಯಿಂದ ಬಿಚ್ಚಿದ್ದರೋ ಇಲ್ಲವೋ! ಗೇರ್‌ಬಾಕ್ಸು, ಡಿಫರೆನ್ಷಿಯಲ್ ಆಯಿಲ್ ಬದಲಿಸುವ ವರ್ಷ ತುಂಬುವ ಬಿರಡೆಯನ್ನು ಮೊದಲು ಸಡಿಲಿಸಿ, ಆಮೇಲೆ ಇಳಿಸುವ ಬಿರಡೆಗೆ ಕೈಹಾಕಬೇಕು. ಹಳೆಯದನ್ನೆಲ್ಲ ಇಳಿಸಿದ ಮೇಲೆ ಮೇಲಿನ ಬಿರಡೆ ಜಪ್ಪಯ್ಯ ಎಂದರೂ ಬಾರದಿದ್ದರೆ ಕಾರು ಅಲ್ಲೇ ಕೂರುತ್ತದೆ. ಬ್ರೇಕ್ ದ್ರವ ಗಾಳಿಯ ತೇವ ಹೀರುವ ವಸ್ತು. ಕಾರು ಓಡಿಸದೆ ನಿಲ್ಲಿಸಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಎಲ್ಲವನ್ನೂ ತಾನೇ ಮಾಡಬೇಕೆಂಬ ಹಟ ನನ್ನದಲ್ಲ. ಮೊದಲ ಎರಡು ಮೂರು ವರ್ಷಗಳ ಕಾರುಗಳಲ್ಲಿ ಕ್ರ್ಯಾಂಕ್ ತುದಿಯ ಪುಲ್ಲಿಯ ಬೋಲ್ಟನ್ನು ಸರಿಯಾದ ಬಿಗಿಗೆ ಕೂರಿಸದಿದ್ದರೆ ಅದು ಅಲುಗಾಡಿ ಕ್ರ್ಯಾಂಕಿನ ಗಾಡಿಯನ್ನೇ ತಿಂದುಹಾಕುತ್ತದೆ. ಟೈಮಿಂಗ್ ಬೆಲ್ಟ್ ಬದಲಿಸಲು ಅದೇ ಬೋಲ್ಟು ಬಿಚ್ಚಬೇಕು. ಟಾರ್ಕ್ ವ್ರೆಂಚ್ ಇಲ್ಲದವನು ಆ ಕೆಲಸವನ್ನು ಬಲ್ಲವರಿಗೆ ಕೊಡಲಿ. ಜಾಕಿಯೊಂದನ್ನೇ ನಂಬಿ ಕಾರಿನಡಿ ನುಗ್ಗುವವನಂತೂ ಸ್ಪ್ಯಾನರ್ ಮುಟ್ಟುವುದೇ ಬೇಡ. ಗಟ್ಟಿ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದ ಮೇಲಷ್ಟೆ ಅಡಿಗೆ ಹೋಗಬೇಕು. ತೆಗೆದ ಆಯಿಲನ್ನು ಚರಂಡಿಗೆ ಚೆಲ್ಲುವಂತಿಲ್ಲ. ಅಲ್ಲಿ ಸ್ಥಳೀಯ ಸಂಸ್ಥೆಗಳ ಸಂಗ್ರಹ ಕೇಂದ್ರಕ್ಕೆ ಒಯ್ದು ಕೊಡುತ್ತಾರೆ.

ಇನ್ನು ಮಾರುವಾಗಿನ ಬೆಲೆ. ತಾರೀಖು, ಓಡಿದ ಮೈಲಿ, ಹಾಕಿದ ಸಾಮಾನು ಬರೆದ ಒಂದು ನೋಟ್‌ಪುಸ್ತಕ, ಜೊತೆಗೆ ಅಂಗಡಿ ರಸೀದಿಗಳು, ವರ್ಷವರ್ಷವೂ ಕಾರನ್ನು ಎತ್ತಿದಾಗ ತೆಗೆದ ಸಿಲ್ಲಿನ ಫೋಟೋಗಳು—ಇಷ್ಟಿದ್ದರೆ ತಿಳಿವಳಿಕೆಯುಳ್ಳ ಗಿರಾಕಿ ಮೊಹರು ಕೇಳುವುದಿಲ್ಲ. ಮೊಹರೇ ಬೇಕೆನ್ನುವ ಗಿರಾಕಿ ಸಿಕ್ಕಿದರೆ ನಾಲ್ಕು ಕಾಸು ಕಡಮೆ ಬಂದೀತು, ನಿಜ. ಹೊಸ ಸಿಲ್ ಬೆಸೆಸುವ ಖರ್ಚಿನೊಡನೆ ಅದನ್ನು ಹೋಲಿಸಿ ನೋಡಲಿ.