ನಿಮ್ಮ ಸ್ವಾಗತಕ್ಕೆ ಬೇಕಾದ ತಮಟೆ ನಮ್ಮ ವೇದಿಕೆಗೆ ಬೇಡವೇಕೆ?

ಮಾನ್ಯ ಪೌರಾಯುಕ್ತರೇ,

ನಿಮ್ಮ ಟಪಾಲಿಗೆ ಹಾಕಬೇಕಾದ ಪತ್ರವನ್ನು ಊರಿನವರ ಮುಂದೆ ಓದುತ್ತಿದ್ದೇನೆ, ಮನ್ನಿಸಬೇಕು. ಮೈದಾನ ಕೇಳಿ ಟಪಾಲಿಗೆ ಕೊಟ್ಟ ಮನವಿಗಳಿಗೆ ಮೊಹರು ಬಿತ್ತೇ ಹೊರತು ಉತ್ತರ ಬರಲಿಲ್ಲ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು ನಿಮ್ಮ ಕಚೇರಿಯವರು. ಪೊಲೀಸ್ ಠಾಣೆಯಲ್ಲಿ ಕೇಳಿದರೆ, ಮೈದಾನ ನಗರಸಭೆಯದ್ದು, ಮೊದಲು ಅವರ ಪತ್ರ ತನ್ನಿ ಎಂದರು. ಪತ್ರ ಕೇಳಿದರೆ ಠಾಣೆಯ ನಿರಾಕ್ಷೇಪಣೆ ಎಲ್ಲಿ ಎಂದಿರಿ. ಈ ಸುತ್ತಾಟ ಊರಿಗೆಲ್ಲ ಗೊತ್ತಿದೆ, ಬಿಡಿ.

ಅಂತೂ ಅನುಮತಿ ಬಂತು. ಮೇ ತಿಂಗಳ ಎರಡನೇ ಶನಿವಾರ ಸಂಜೆ ಆರರಿಂದ ಒಂಬತ್ತೂವರೆ, ನಗರಸಭೆ ಮೈದಾನ, ನಮ್ಮ ಜಾನಪದ ರಾಕ್ ಬ್ಯಾಂಡಿನ ಬೇಸಿಗೆ ಕಛೇರಿ, ಟಿಕೆಟ್ ಇಲ್ಲ. ಶುಲ್ಕ ಕಟ್ಟಿದ್ದೇವೆ, ಕಸ ಎತ್ತುತ್ತೇವೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದೇವೆ. ಎಲ್ಲ ಸರಿ. ಆದರೆ ಷರತ್ತುಗಳ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿಕೊಂಡಿದೆ: ತಮಟೆ, ನಗಾರಿ ಮುಂತಾದ ಅತಿ ಶಬ್ದದ ವಾದ್ಯಗಳನ್ನು ಬಳಸತಕ್ಕದ್ದಲ್ಲ.

ಕಳೆದ ರಾಜ್ಯೋತ್ಸವದ ಸಂಜೆ ನೆನಪಿದೆಯೇ? ಬಸ್ ನಿಲ್ದಾಣದ ಸರ್ಕಲ್ಲಿನಿಂದ ವೇದಿಕೆಯವರೆಗೆ ನಿಮ್ಮನ್ನು ತಮಟೆ ಬಾರಿಸಿಕೊಂಡೇ ಕರೆತಂದರು. ಮೈಕ್ ಹಿಡಿದು ನೀವು ಆಡಿದ ಮಾತನ್ನು ಸಾವಿರ ಜನ ಕೇಳಿದ್ದಾರೆ. ಬೇಸಿಗೆಯಲ್ಲಿ ಮೈದಾನ ನಿಮ್ಮದು, ಮೊದಲ ಪೆಟ್ಟು ಮಾತ್ರ ತಮಟೆಯದ್ದಾಗಬೇಕು ಎಂದಿರಿ. ತಮಟೆ ತಂಡದ ಯಜಮಾನರ ಕೈ ಹಿಡಿದು ಮೇಲೆತ್ತಿದಿರಿ. ಚಪ್ಪಾಳೆ ಬಿತ್ತು, ಫೋಟೋ ಆಯಿತು. ಆ ಮಾತು ನಾವು ಕೇಳಿ ಪಡೆದದ್ದಲ್ಲ, ನೀವಾಗಿ ಕೊಟ್ಟದ್ದು.

ಆ ಮಾತನ್ನು ನಂಬಿ ಯಜಮಾನರು ಏನು ಮಾಡಿದರು ಗೊತ್ತೇ? ನಮ್ಮ ಕಡೆ ಮಾರಿಹಬ್ಬ, ಕೊಂಡ, ಮದುವೆ ಎಲ್ಲ ಬೇಸಿಗೆಯಲ್ಲೇ. ತಮಟೆಯವರಿಗೆ ವರ್ಷದ ದುಡಿಮೆ ಆಗುವುದು ಆ ಎರಡು ಮೂರು ತಿಂಗಳಲ್ಲಿ. ಪಕ್ಕದೂರಿನ ಹಬ್ಬಕ್ಕೆ ಬಂದಿದ್ದ ವೀಳ್ಯವನ್ನು ಅವರು ಹಿಂದಿರುಗಿಸಿದರು, ಆಯುಕ್ತರು ಕರೆದಿದ್ದಾರೆ, ಆ ಶನಿವಾರ ಆಗುವುದಿಲ್ಲ ಅಂತ. ಆ ಹಬ್ಬಕ್ಕೆ ಈಗ ಬೇರೆ ತಂಡವನ್ನು ಗೊತ್ತುಮಾಡಿದ್ದಾರೆ. ನಿಮ್ಮ ಅನುಮತಿ ಪತ್ರ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಕೇಳಿದ್ದು ಒಂದೇ ಮಾತು: "ಡ್ರಮ್ ಸೆಟ್ ಇರ್ತದಾ?"

ಇರುತ್ತದೆ ಸ್ವಾಮಿ. ಅದಕ್ಕೆ ನಿಮ್ಮ ಅಡ್ಡಿ ಇಲ್ಲ. ನಾಲ್ಕೈದು ಮೈಕ್ ಇಟ್ಟು, ಎದೆ ಅದುರುವ ಸಬ್‌ವೂಫರಿನಲ್ಲಿ ಹೊರಡಿಸುವ ಡ್ರಮ್ ಸೆಟ್ ಅತಿ ಶಬ್ದವಲ್ಲ, ಕೈಯಲ್ಲಿ ಹಿಡಿದು ಕಡ್ಡಿಯಲ್ಲಿ ಬಾರಿಸುವ ತಮಟೆ ಅತಿ ಶಬ್ದ. ಈ ಲೆಕ್ಕ ಯಾವ ಕಾನೂನಿನಲ್ಲಿದೆ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳನ್ನು ನಾನೂ ಓದಿದ್ದೇನೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎನ್ನುತ್ತವೆ, ನಾವು ಒಂಬತ್ತೂವರೆಗೇ ಮುಗಿಸುತ್ತೇವೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು ಎನ್ನುತ್ತವೆ, ಮೈದಾನದ ಆಸುಪಾಸಿನಲ್ಲಿ ಅವು ಯಾವುವೂ ಇಲ್ಲ. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಶಬ್ದ ಎಷ್ಟು ಡೆಸಿಬಲ್ ದಾಟಬಾರದು ಎಂಬುದಕ್ಕೂ ಮಿತಿ ಹಾಕಿವೆ. ಅಳೆಯಲು ಮೀಟರ್ ತನ್ನಿ, ಮಿತಿ ದಾಟಿದರೆ ಡ್ರಮ್ ಸೆಟ್ಟನ್ನೂ ನಿಲ್ಲಿಸುತ್ತೇವೆ. ಮೀಟರಿಗೆ ಶಬ್ದ ಕೇಳುತ್ತದೆ, ಬಾರಿಸುವವನ ಕೇರಿ ಯಾವುದೆಂದು ಅದು ಕೇಳುವುದಿಲ್ಲ. ನಿಮ್ಮ ಷರತ್ತು ಕೇಳುತ್ತದೆ ಎಂದೇ ನನ್ನ ಅನುಮಾನ.

ಬೆಂಕಿಯ ಕಾರಣವನ್ನೂ ನಿಮ್ಮ ಸಿಬ್ಬಂದಿ ಬಾಯಿಮಾತಿನಲ್ಲಿ ಹೇಳಿದರು. ತಮಟೆಯ ಚರ್ಮವನ್ನು ಕಾಯಿಸಬೇಕು, ನಿಜ. ತೇವ ಹಿಡಿದರೆ ಚರ್ಮ ಸಡಿಲವಾಗಿ ನಾದ ಸಾಯುತ್ತದೆ. ಕಛೇರಿಯನ್ನು ಬೇಸಿಗೆಗೆ ಇಟ್ಟುಕೊಂಡಿದ್ದೇ ಅದಕ್ಕೆ. ಬಿಸಿಲು ಅರ್ಧ ಕೆಲಸ ಮಾಡಿಕೊಡುತ್ತದೆ. ಉಳಿದದ್ದಕ್ಕೆ ಮೈದಾನದ ಆಚೆ ಒಂದು ಹಿಡಿ ಹುಲ್ಲು ಉರಿಸಿದರೆ ಸಾಕು, ಪಕ್ಕದಲ್ಲಿ ನೀರಿನ ಬಕೆಟ್ಟನ್ನೂ ಇಡುತ್ತೇವೆ. ಜನರೇಟರಿನ ಡೀಸೆಲ್ಲನ್ನು ವೇದಿಕೆಯ ಹಿಂದೆಯೇ ಇಟ್ಟುಕೊಳ್ಳಲು ಬಿಟ್ಟವರಿಗೆ ಹುಲ್ಲಿನ ಬೆಂಕಿಯ ಭಯವೇ?

ಗಿಟಾರಿನ ಪಕ್ಕ ಜನಪದ ನಿಲ್ಲಿಸುವುದು ನಾವು ಕಂಡುಹಿಡಿದ ವಿದ್ಯೆಯಲ್ಲ. ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಶರೀಫರ ಪದಗಳನ್ನು ಹೀಗೆ ಹಾಡಿದರು, ಬೆಂಗಳೂರಿನ ಸ್ವರಾತ್ಮ ತಂಡ ತನ್ನದೇ ದಾರಿ ಮಾಡಿಕೊಂಡಿತು. ನಮ್ಮದು ಸಣ್ಣ ಊರಿನ ಸಣ್ಣ ಬ್ಯಾಂಡು. ಆದರೆ ತಮಟೆ ನಮ್ಮಲ್ಲಿ ಒಗ್ಗರಣೆಗಲ್ಲ. ಹಾಡು ಕಟ್ಟಿರುವುದೇ ಅದರ ಮಟ್ಟಿನ ಮೇಲೆ, ಗಿಟಾರು ಅದರ ಹಿಂದೆ ಬರುತ್ತದೆ. ತೆಗೆದುಬಿಡಿ ಎಂದರೆ ಏನು ಉಳಿಯುತ್ತದೆ? ನಿಮ್ಮ ಕಚೇರಿಯಲ್ಲಿ ಒಬ್ಬರು ಕಂಸಾಳೆ ಇಟ್ಟುಕೊಳ್ಳಿ, ನೋಡಲು ಚೆನ್ನಾಗಿರುತ್ತದೆ ಎಂದು ಸಲಹೆಯನ್ನೂ ಕೊಟ್ಟರು. ಕಂಸಾಳೆ ಮಾದಪ್ಪನ ಗುಡ್ಡರು ಹರಕೆ ಹೊತ್ತು ಹಿಡಿಯುವ ವಾದ್ಯ ಸ್ವಾಮಿ, ವೇದಿಕೆಯ ಅಲಂಕಾರವಲ್ಲ.

ಇನ್ನೊಂದು ಮಾತು, ಇದನ್ನು ಹೇಳದೆ ಇರಲಾರೆ. ಮಾರ್ಚಿನಲ್ಲಿ ಕಂದಾಯ ಬಾಕಿ ಉಳಿಸಿಕೊಂಡ ಅಂಗಡಿಗಳ ಮುಂದೆ ನಗರಸಭೆ ಏನು ಬಾರಿಸಿತು? ಗಿಟಾರೇ? ಇದೇ ಯಜಮಾನರ ತಂಡದ ಹುಡುಗರನ್ನು ಕರೆಸಿ, ಉರಿ ಬಿಸಿಲಲ್ಲಿ ನಿಲ್ಲಿಸಿ, ಬಾಕಿದಾರರ ಮಾನ ಕಳೆಯಲು ಇದೇ ತಮಟೆ ಹೊಡೆಸಿದಿರಿ. ಆಗ ಎಷ್ಟು ಡೆಸಿಬಲ್ ಇತ್ತು? ಆ ದಿನಗಳ ಕೂಲಿ ಬಿಲ್ ಇನ್ನೂ ಪಾಸಾಗಿಲ್ಲ ಎಂಬುದೂ ನಿಮ್ಮ ಗಮನದಲ್ಲಿರಲಿ. ಸ್ವಾಗತಕ್ಕೆ ತಮಟೆ, ವಸೂಲಿಗೆ ತಮಟೆ. ಹಾಡಿಗೆ ಎಂದ ಕೂಡಲೇ ಅತಿ ಶಬ್ದ!

ಮೈದಾನದ್ದೂ ಅದೇ ಕಥೆ. ಸೀರೆ-ಸೋಫಾ ಮಾರಾಟ ಮೇಳಕ್ಕೆ ತಿಂಗಳುಗಟ್ಟಲೆ ಸಿಗುತ್ತದೆ, ಅಲ್ಲಿ ಬೆಳಗಿನಿಂದ ರಾತ್ರಿವರೆಗೆ ಜಾಹೀರಾತು ಕೂಗಿಸಿದರೂ ಯಾರೂ ಷರತ್ತು ಹಾಕಲಿಲ್ಲ. ಗಣಪತಿ ವಿಸರ್ಜನೆಯ ಡೀಜೆಗೆ ಕಿಟಕಿ ಗಾಜು ನಡುಗಿದರೂ ಕಚೇರಿಗೆ ಕೇಳಿಸಲಿಲ್ಲ. ಊರಿನ ಹುಡುಗರು ಮೂರೂವರೆ ಗಂಟೆ ಹಾಡುತ್ತೇವೆ ಎಂದರೆ ಮಾತ್ರ ಕಡತ ಮೇಜಿನಿಂದ ಮೇಜಿಗೆ ತೆವಳುತ್ತದೆ. ಇವೆಲ್ಲ ನಿಮ್ಮೊಬ್ಬರ ತಪ್ಪಲ್ಲ, ಒಪ್ಪುತ್ತೇನೆ. ಆದರೆ ರಾಜ್ಯೋತ್ಸವದ ಆ ಮಾತು ನಿಮ್ಮೊಬ್ಬರದೇ.

ಹಾಗಾಗಿ ಕೇಳುತ್ತಿರುವುದು ಇಷ್ಟು. ಆ ಷರತ್ತನ್ನು ಹೊಡೆದುಹಾಕಿ, ಸಹಿ ಮಾಡಿದ ತಿದ್ದುಪಡಿ ಪತ್ರ ಕೊಡಿ. ಬಾಯಿಮಾತು ಬೇಡ, ಅದನ್ನು ಒಮ್ಮೆ ನಂಬಿದ್ದಾಯಿತು. ಮಾರ್ಚಿನ ಕೂಲಿಯನ್ನು ಕಛೇರಿಗೆ ಮುಂಚೆ ಪಾವತಿಸಿ. ವೀಳ್ಯ ಹಿಂದಿರುಗಿಸಿ ಯಜಮಾನರು ಕಳೆದುಕೊಂಡ ಸಂಭಾವನೆಯನ್ನು ನಾವು ತುಂಬಿಕೊಡುತ್ತೇವೆ, ಅದರ ಚಿಂತೆ ನಿಮಗೆ ಬೇಡ. ಷರತ್ತು ಉಳಿಸಿಕೊಳ್ಳುವುದಾದರೆ ಅದನ್ನು ಯಜಮಾನರ ಮನೆಗೆ ಹೋಗಿ ನೀವೇ ಓದಿ ಹೇಳಿ. ನಾನು ಎರಡನೇ ಸಲ ಹೇಳುವುದಿಲ್ಲ. ತಮಟೆ ಇಲ್ಲದೆ ನಾವು ಹಾಡುವುದೂ ಇಲ್ಲ. ಶುಲ್ಕ ವಾಪಸಿನ ಅರ್ಜಿ ಬರೆದಿಟ್ಟುಕೊಂಡಿದ್ದೇನೆ, ಅದನ್ನು ಯಾವ ಟೇಬಲ್ಲಿಗೆ ಕೊಡಬೇಕು ಎಂಬುದನ್ನಾದರೂ ತಿಳಿಸಿ.

ಇಂತಿ,
ಬ್ಯಾಂಡಿನ ಪರವಾಗಿ,
ಗಿಟಾರ್ ನುಡಿಸುವವನು